ಎಲೆ ಕೊಟ್ಟರೆ ಮುರಿಯುವಂತಿಲ್ಲ

ಇಬ್ಬರು ಒಟ್ಟಿಗೆ ಅಡುಗೆಮನೆಗೆ ಹೋಗುವಂತಿಲ್ಲ. ನಮ್ಮ ಆಟದ ಮೊದಲನೆಯ ಮನೆನಿಯಮ ಇದು, ಬರೆಸಿದವಳು ನಾನೇ. ಒಂದು ಭಾನುವಾರ ಅಣ್ಣ ಅತ್ತಿಗೆ ಇಬ್ಬರೂ ಕಾಪಿ ತರುವ ನೆಪದಲ್ಲಿ ಎದ್ದು ಹೋದರು. ವಾಪಸು ಬಂದವರು ಒಬ್ಬರ ಮುಖ ಒಬ್ಬರು ನೋಡದೆ ಕುಳಿತರು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ಹಾಗೆ ಮುಖ ತಪ್ಪಿಸಿ ಕೂತರೆ ಏನೋ ನಡೆದಿದೆ ಎಂದೇ ಅರ್ಥ. ಮುಂದಿನ ಸುತ್ತಿನಲ್ಲಿ ಇಬ್ಬರೂ ಸೇರಿ ನನ್ನನ್ನು ಮುಗಿಸಿದರು. ಕಾಪಿಯಲ್ಲಿ ಸಕ್ಕರೆಯೂ ಇರಲಿಲ್ಲ.

ಆಟದ ಡಬ್ಬಿ ತಂದವನು ಅಣ್ಣನ ಮಗ. ಅವನು ದಿಂಡಿಗಲ್ಲಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾನೆ, ಶನಿವಾರ ಸಂಜೆ ಮಾರ್ಕಯನ್‌ಕೋಟ್ಟೈಗೆ ಬರುತ್ತಾನೆ. ಅಲ್ಲಿ ನನ್ನ ತವರು, ಮನೆಯ ಹಿಂದೆಯೇ ಅಣ್ಣನ ವೀಳ್ಯದೆಲೆ ತೋಟ. ನಾನು ಮದುವೆಯಾಗಿ ಹೋದದ್ದು ಓಡೈಪಟ್ಟಿಗೆ, ನಮ್ಮದು ದ್ರಾಕ್ಷಿ. ನನ್ನ ಮಗಳು ಗೂಡಲೂರಿನ ಹತ್ತಿರ ದ್ರಾಕ್ಷಿ ಸಸಿ ಬೆಳೆಸಿ ಮಾರುವ ತೋಟವೊಂದನ್ನು ನೋಡಿಕೊಳ್ಳುತ್ತಾಳೆ, ವಾರವೆಲ್ಲ ಅಲ್ಲಿಯೇ ರೂಮು ಮಾಡಿಕೊಂಡಿರುತ್ತಾಳೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ತವರಿನ ಪಡಸಾಲೆಯಲ್ಲಿ ಸೇರುತ್ತಿದ್ದೆವು. ನನ್ನ ಗಂಡ ಮಾತ್ರ ಬರುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಆಟವಿಲ್ಲದೆಯೂ ಇದೇ ನಡೆಯುತ್ತದೆ, ಅದಕ್ಕೆ ಡಬ್ಬಿ ಯಾಕೆ ಎಂದು ಹೇಳಿ ಬಳ್ಳಿ ಕತ್ತರಿಸಲು ಹೋಗುತ್ತಿದ್ದರು.

ಆಟ ಇಷ್ಟೇ. ಒಂದು ರಾಜ್ಯದ ಗದ್ದುಗೆ ಖಾಲಿಯಾಗಿದೆ. ಆಡುವ ಪ್ರತಿಯೊಬ್ಬರಿಗೂ ಎರಡು ಚೀಟಿ ಸಿಗುತ್ತದೆ: ಮಂತ್ರಿ, ಸೇನಾಪತಿ, ಗೂಢಚಾರ, ಪುರೋಹಿತ, ಕೊಲೆಗಾರ ಹೀಗೆ. ಚೀಟಿಯನ್ನು ಯಾರಿಗೂ ತೋರಿಸಬಾರದು. ನಾನು ಮಂತ್ರಿ ಎಂದು ಬಾಯಲ್ಲಿ ಹೇಳಿ ಮಂತ್ರಿಯ ಕೆಲಸ ಮಾಡಬಹುದು. ಕೈಯಲ್ಲಿ ಮಂತ್ರಿಯೇ ಇರಬೇಕೆಂದಿಲ್ಲ. ಎದುರಿನವರಿಗೆ ಅನುಮಾನ ಬಂದರೆ 'ಸಂದೇಗ' ಎನ್ನಬೇಕು. ಆಗ ಚೀಟಿ ತಿರುಗಿಸಿ ತೋರಿಸಲೇಬೇಕು. ಸುಳ್ಳಾಗಿದ್ದರೆ ಹೇಳಿದವರು ಒಂದು ಚೀಟಿ ಕಳೆದುಕೊಳ್ಳುತ್ತಾರೆ, ನಿಜವಾಗಿದ್ದರೆ ಅನುಮಾನಪಟ್ಟವರು ಕಳೆದುಕೊಳ್ಳುತ್ತಾರೆ. ಎರಡೂ ಚೀಟಿ ಹೋದವರು ಸತ್ತಂತೆ.

ಈ ಸಾವಿನ ವಿಷಯದಲ್ಲಿ ಅತ್ತೆ ತಕರಾರು ತೆಗೆದರು. ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ, ಆ ಮನೆಯ ಹಿರಿಯಳು. ಆಡುವುದಿಲ್ಲ, ಕಂಬಕ್ಕೆ ಒರಗಿ ಎಲೆ ಅಡಿಕೆ ಜಗಿಯುತ್ತ ನೋಡುತ್ತಾರೆ, ತೀರ್ಪು ಮಾತ್ರ ಅವರದೇ. ಮನೆಯೊಳಗೆ ಕೂತು 'ನೀನು ಸತ್ತೆ' ಎನ್ನಬಾರದು ಎಂದರು. ಹಾಗಾಗಿ ನಮ್ಮಲ್ಲಿ ಯಾರೂ ಸಾಯುವುದಿಲ್ಲ, ಗೂಡಲೂರು ದಾಟುತ್ತಾರೆ. ಗೂಡಲೂರು ದಾಟಿದರೆ ಘಾಟು ಹತ್ತಿ ಕುಮಳಿ, ಆಮೇಲೆ ಕೇರಳ, ಗಡೀಪಾರಿಗೆ ಅಷ್ಟು ಸಾಕು. ದಾಟಿದವರು ಮಂಚದ ಮೇಲೆ ಹೋಗಿ ಕೂರಬೇಕು, ಆದರೆ ಸುತ್ತಿಗೆ ಒಂದು ಸಲ ಯಾರಾದರೂ ಒಬ್ಬರ ಕಿವಿಯಲ್ಲಿ ಚಾಡಿ ಹೇಳಬಹುದು. ಇದು ಎರಡನೆಯ ನಿಯಮ. ಮೂರನೆಯದು, ಆಟ ನಡೆಯುವಾಗ ನಮ್ಮ ಮಾತಿನಲ್ಲಿಯೇ ಪಿಸುಗುಟ್ಟಬೇಕು, ತಮಿಳು ಕೂಡದು. ಮಕ್ಕಳಿಬ್ಬರೂ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವವರು. ತಡವರಿಸುತ್ತ ಸುಳ್ಳು ಹೇಳಿದರೆ ಬೇಗ ಸಿಕ್ಕಿಬೀಳುತ್ತಾರೆ ಎಂದು ಅಣ್ಣನ ಲೆಕ್ಕಾಚಾರ. ನಿಯಮಗಳನ್ನೆಲ್ಲ ಅಳಿಯನೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟ, ಮಾತು ನಮ್ಮದು, ಅಕ್ಷರ ತಮಿಳಿನದು. ಕನ್ನಡದ ಅಕ್ಷರ ಆ ಮನೆಯಲ್ಲಿ ಬರುವುದು ನನಗೊಬ್ಬಳಿಗೇ, ಅದೂ ಮೂವತ್ತು ದಾಟಿದ ಮೇಲೆ ಹಟ ಹಿಡಿದು ಕಲಿತದ್ದು.

ಅಳಿಯ ಎಂದೆನಲ್ಲ, ನಮ್ಮಲ್ಲಿ ಅಣ್ಣನ ಮಗ ಹುಟ್ಟಿದ ದಿನದಿಂದಲೇ ಅಳಿಯ. ಅವನಿಗೆ ನನ್ನ ಮಗಳನ್ನು ಕೇಳುವ ಹಕ್ಕಿದೆ. ಕೇಳದೆ ಬೇರೆ ಕಡೆ ಕೊಟ್ಟರೆ ಮದುವೆ ಚಪ್ಪರದಲ್ಲಿಯೇ ಜಗಳ ಆಗುತ್ತದೆ. ಈ ಮಾತು ಇಬ್ಬರು ಮಕ್ಕಳೂ ತೊಟ್ಟಿಲಲ್ಲಿದ್ದಾಗಿನಿಂದ ನಮ್ಮ ಮನೆಗಳಲ್ಲಿ ತೇಲಾಡುತ್ತಿತ್ತು. ಎರಡು ವರ್ಷದ ಹಿಂದೆ ಮಗಳು ಅದಕ್ಕೊಂದು ಕೊನೆ ಹಾಡಿದಳು. ತೋಟದಲ್ಲಿ ಗೊಂಚಲಿಗೆ ಕಾಗದದ ಹೊದಿಕೆ ಹಾಕುತ್ತಿದ್ದೆವು. ಕೈ ನಿಲ್ಲಿಸದೆಯೇ ಹೇಳಿದಳು, ಮಾಮನ ಮಗ ತನಗೆ ಒಡಹುಟ್ಟಿದವನ ಹಾಗೆ, ಅವನನ್ನು ಕಟ್ಟಿಕೊಳ್ಳುವುದಿಲ್ಲ, ತನ್ನನ್ನು ಕೇಳದೆ ಯಾರಿಗೂ ಮಾತು ಕೊಡಬೇಡ ಎಂದು. ಕೊಡುವುದಿಲ್ಲ ಎಂದು ಅವಳ ಕೈ ಹಿಡಿದು ಹೇಳಿದೆ. ಅವಳು ಆಮೇಲೆ ಆ ವಿಷಯ ಎತ್ತಲೇ ಇಲ್ಲ. ನಾನು ಹೇಳಿದ್ದನ್ನು ನಂಬಿಬಿಟ್ಟಳು.

ಈಗ ಎಲೆಯ ನಿಯಮಕ್ಕೆ ಬರುತ್ತೇನೆ. ಡಬ್ಬಿಯಲ್ಲಿ ನೀಲಿ ಬಣ್ಣದ ಮರದ ಬಿಲ್ಲೆಗಳಿದ್ದವು. ಇಬ್ಬರು ಒಪ್ಪಂದ ಮಾಡಿಕೊಂಡರೆ ಒಂದೊಂದು ಬಿಲ್ಲೆ ಬದಲಾಯಿಸಿಕೊಳ್ಳಬೇಕು, ಯಾವಾಗ ಬೇಕಾದರೂ ಬಿಲ್ಲೆ ವಾಪಸು ಎಸೆದು ಒಪ್ಪಂದ ಮುರಿಯಬಹುದು. ಅಚ್ಚಾದ ಪುಸ್ತಕದಲ್ಲಿ ಹಾಗಿತ್ತು. ಒಂದು ಭಾನುವಾರ ಡಬ್ಬಿ ತೆರೆದರೆ ಬಿಲ್ಲೆಗಳೇ ಇಲ್ಲ. ಮಿಕ್ಕಿದ್ದೆಲ್ಲ ಇದೆ, ಅವು ಮಾತ್ರ ಇಲ್ಲ. ಹುಡುಕುವಾಗ ಎಲ್ಲರಿಗಿಂತ ಜೋರಾಗಿ ಹುಡುಕಿದವರು ಅತ್ತಿಗೆ, ಅಲ್ಲಿಗೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಹುಡುಕಿ ಸಾಕಾಗಿ, ಎಲೆತಟ್ಟೆ ತಂದು ನಡುವೆ ಇಟ್ಟವರೂ ಅವರೇ. ಬಿಲ್ಲೆಗೆ ಬದಲು ಒಂದು ಎಲೆ, ಒಂದು ಚೂರು ಅಡಿಕೆ ಕೊಟ್ಟರೆ ಆಯಿತಲ್ಲ, ಮನೆಯಲ್ಲಿ ಎಲೆಗೇನು ಬರವೇ ಎಂದರು.

ಅತ್ತೆ ಜಗಿಯುವುದನ್ನು ನಿಲ್ಲಿಸಿದರು. ಎಲೆ ಕೊಟ್ಟು ಮಾಡಿದ ಒಪ್ಪಂದವನ್ನು ಮುರಿಯುವುದು ತಮ್ಮ ಕಣ್ಣೆದುರು ಆಗಬಾರದು ಎಂದರು. ಬಿಲ್ಲೆ ಮುರಿಯಬಹುದು, ಎಲೆ ಮುರಿಯುವಂತಿಲ್ಲ. ಅಳಿಯ ಕ್ಯಾಲೆಂಡರಿನ ಹಿಂದೆ ನಾಲ್ಕನೆಯ ನಿಯಮ ಬರೆದ. ಇದರಿಂದ ಆಟ ಕೆಡುತ್ತದೆ, ದ್ರೋಹವಿಲ್ಲದ ಒಳಸಂಚು ಎಂಥದು ಎಂದು ಮಗಳು ಗೊಣಗಿದಳು. ಆದರೆ ಕೆಡಲಿಲ್ಲ, ಇನ್ನಷ್ಟು ಬಿಗಿಯಾಯಿತು. ಯಾರೂ ಸುಲಭಕ್ಕೆ ಎಲೆ ಕೊಡುತ್ತಿರಲಿಲ್ಲ. ಕೊಟ್ಟರೂ ತೊಡೆಯ ಮರೆಯಲ್ಲಿ, ಎಡಗೈಯಲ್ಲಿ, ಬೇರೆಯವರಿಗೆ ಕಾಣದ ಹಾಗೆ ಒಂದು ಸಣ್ಣ ಎಲೆಯನ್ನು ಮಡಚಿ ತಳ್ಳುತ್ತಿದ್ದೆವು.

ಎರಡು ವಾರದ ಮೇಲೆ ನೀಲಿ ಬಿಲ್ಲೆಗಳು ಸಿಕ್ಕವು. ಮಂಚದ ಕೆಳಗೆ ಸುತ್ತಿಟ್ಟ ಚಾಪೆಯೊಳಗೆ ಇದ್ದವು. ಚಾಪೆ ಸುತ್ತಿದವರು ಯಾರು ಎಂದು ಕೇಳಿದೆ, ಯಾರೂ ಒಪ್ಪಲಿಲ್ಲ. ಬಿಲ್ಲೆಗಳನ್ನು ಡಬ್ಬಿಗೆ ಹಾಕಿದೆವು. ಆಮೇಲೂ ಎಲೆಯನ್ನೇ ಕೊಟ್ಟು ತೆಗೆದುಕೊಂಡೆವು. ಹಳೆಯ ನಿಯಮಕ್ಕೆ ಹೋಗೋಣ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅದಾದ ಮೇಲಿನ ಒಂದು ಭಾನುವಾರ ಆಟ ಬಹಳ ಹೊತ್ತು ಎಳೆಯಿತು. ಅತ್ತಿಗೆ ಗೂಡಲೂರು ದಾಟಿ ಮಂಚದ ಮೇಲಿದ್ದರು. ಮಗಳ ಕೈಯಲ್ಲಿ ಎರಡೂ ಚೀಟಿ ಭದ್ರವಾಗಿದ್ದವು, ಅವಳ ಮುಖದಲ್ಲಿ ಏನೂ ಕಾಣುವುದಿಲ್ಲ, ಆಟದಲ್ಲಿ ಅವಳನ್ನು ಸೋಲಿಸುವುದು ಕಷ್ಟ. ಅಳಿಯನದು ಒಂದು ಚೀಟಿ, ಅಣ್ಣನದು ಒಂದು, ನನ್ನದು ಒಂದು. ನಾನು ಮತ್ತು ಅಣ್ಣ ಸೇರಿದರೆ ಮಾತ್ರ ಉಳಿಗಾಲ. ಅತ್ತಿಗೆ ಮಂಚದಿಂದ ಇಳಿದು ಬಂದು ಅಣ್ಣನ ಕಿವಿಯಲ್ಲಿ ತಮ್ಮ ಪಾಲಿನ ಚಾಡಿ ಹೇಳಿ ಹೋದರು. ಅಣ್ಣ ನನ್ನನ್ನು ನೋಡಿದ. ನಾನು ತಟ್ಟೆಗೆ ಕೈ ಹಾಕಿದೆ. ಎಲೆ ಅಡಿಕೆ ತೆಗೆದು ಅಣ್ಣನಿಗೆ ಕೊಟ್ಟೆ. ಅವನು ಎರಡು ಕೈಯಲ್ಲಿ ತೆಗೆದುಕೊಂಡು, ತಾನೂ ತಟ್ಟೆಯಿಂದ ತೆಗೆದು ನನಗೆ ಕೊಟ್ಟ. ಅತ್ತೆ "ಆಯ್ತು" ಎಂದರು. ಆಟದಲ್ಲಿ ಅತ್ತೆ ಬೇಕಾದಷ್ಟು ಸಲ ಆಯ್ತು ಎಂದಿದ್ದಾರೆ. ಆಮೇಲೆ ನಾವಿಬ್ಬರೂ ಸೇರಿ ಮಗಳನ್ನು ಸೋಲಿಸಿದೆವು. ಅವಳು ನಕ್ಕು ಡಬ್ಬಿ ಮುಚ್ಚಿದಳು.

ಹತ್ತು ದಿನದ ಮೇಲೆ ಚಿನ್ನಮನೂರಿನ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಹೆಂಗಸೊಬ್ಬಳು ಸಿಕ್ಕಿದಳು. ಎಲೆ ಅಡಿಕೆ ಬದಲಾಯಿಸಿಕೊಂಡಿರಂತೆ, ಒಂದು ಮಾತು ಹೇಳಲಿಲ್ಲವಲ್ಲ, ಮದುವೆ ತೈ ತಿಂಗಳಲ್ಲೋ ವೈಕಾಸಿಯಲ್ಲೋ ಎಂದು ಕೇಳಿದಳು. ನಾನು ಏನೋ ನಕ್ಕು ಬಸ್ಸು ಹತ್ತಿದೆ. ನಮ್ಮಲ್ಲಿ ಹೆಣ್ಣಿನ ತಾಯಿಯೂ ಆ ತಾಯಿಯ ಒಡಹುಟ್ಟಿದವನೂ ಹಿರಿಯರ ಎದುರು ಎಲೆ ಅಡಿಕೆ ಬದಲಾಯಿಸಿದರೆ ಮಾತು ಮುಗಿದ ಹಾಗೆ. ಚೀಟಿ ಬೇಡ, ಸಾಕ್ಷಿ ಸಹಿ ಬೇಡ. ಮುರಿದರೆ ಆ ಹೆಣ್ಣನ್ನು ಬೇರೆಯವರು ಕೇಳಲು ಬರುವುದಿಲ್ಲ, ಆ ಎರಡು ಮನೆಗಳ ನಡುವೆ ಒಲೆಯ ಕೆಂಡವನ್ನೂ ಕೊಟ್ಟು ತೆಗೆದುಕೊಳ್ಳುವುದಿಲ್ಲ.

ಆ ವಾರವೆಲ್ಲ ನಾನು ಒಬ್ಬೊಬ್ಬರನ್ನಾಗಿ ಹಿಡಿದು ಮನಸ್ಸಿನಲ್ಲೇ ವಿಚಾರಣೆ ಮಾಡಿದೆ. ಬಿಲ್ಲೆ ಬಚ್ಚಿಟ್ಟವರು ಅತ್ತಿಗೆ, ಅದರಲ್ಲಿ ಎರಡು ಮಾತಿಲ್ಲ ಅನ್ನಿಸಿತು. ಆಮೇಲೆ, ಮುರಿಯುವಂತಿಲ್ಲ ಎಂಬ ನಿಯಮ ತಂದವರು ಅತ್ತೆ ಅಲ್ಲವೇ, ಇಬ್ಬರೂ ಕೂಡಿ ಮಾಡಿದ್ದು ಅನ್ನಿಸಿತು. ಅದನ್ನು ಬರೆದವನು ಅಳಿಯ, ಡಬ್ಬಿ ತಂದವನೂ ಅವನೇ. ದಿಂಡಿಗಲ್ಲಿನ ಅಂಗಡಿಯಲ್ಲಿ ಇಷ್ಟು ಆಟಗಳಿರುವಾಗ ಅವನು ಇದನ್ನೇ ಯಾಕೆ ಆರಿಸಿದ? ಕಡೆಗೆ ಅಣ್ಣ. ಅತ್ತಿಗೆ ಅವನ ಕಿವಿಯಲ್ಲಿ ಹೇಳಿದ್ದೇನು? ಎರಡು ಕೈ ಚಾಚಿ ಯಾಕೆ ತೆಗೆದುಕೊಂಡ? ಗಂಡನ ಎದುರು ಎಲ್ಲರನ್ನೂ ಬೈದು ಹಾಕಿದೆ. ಅವರು ಬಳ್ಳಿ ಕತ್ತರಿಸುವ ಕತ್ತರಿ ಒರೆಸುತ್ತ ಕೇಳಿಸಿಕೊಂಡರು, ಒಂದು ಮಾತೂ ಆಡಲಿಲ್ಲ. ಇವರಿಗೂ ಮೊದಲೇ ಗೊತ್ತಿತ್ತೇನೋ ಎಂದು ಅವರ ಮೇಲೂ ಅನುಮಾನ ಬಂತು.

ಶನಿವಾರ ಮಗಳು ಬಂದಳು. ಸಸಿ ಕೊಳ್ಳಲು ಬಂದ ಯಾರೋ ಅವಳಿಗೆ ಶುಭಾಶಯ ಹೇಳಿ ಹೋಗಿದ್ದರು. ಅವಳು ಕೂಗಾಡುತ್ತಾಳೆ ಎಂದು ನಾನು ಸಿದ್ಧಳಾಗಿದ್ದೆ. ಅವಳು ಕೈಕಾಲು ತೊಳೆದು, ಊಟ ಮಾಡಿ, ತಟ್ಟೆ ತೊಳೆದಿಟ್ಟು ಬಂದು ನನ್ನೆದುರು ಕುಳಿತಳು. ನಾನು ಶುರು ಮಾಡಿದೆ. ಅತ್ತಿಗೆ, ಅತ್ತೆ, ಬಿಲ್ಲೆ, ಚಾಪೆ, ಚಾಡಿ, ಉಪ್ಪು ಖಾರ ಹಚ್ಚಿ ಎಲ್ಲವನ್ನೂ ಹೇಳಿದೆ. ಅವಳು ನಾನು ಹೇಳಿ ಮುಗಿಸುವ ತನಕ ಕಾದಳು.

"ಅಮ್ಮಾ, ಆಟಕ್ಕೆ ಒಂದೆಲೆ ಸಾಕು. ನೀ ಐದೆಲೆ ಯಾಕ ಕೊಟ್ಟೆ?"

ತಟ್ಟೆಗೆ ಕೈ ಹಾಕಿದಾಗ ಕೈಗೆ ಬಂದಷ್ಟು ತೆಗೆದೆ, ಎಣಿಸಿದವರಾರು ಎಂದೆ.

"ಎದ್ದು ನಿಂತ್ಕೊಂಡೆ. ಸೆರಗ ಹೊದ್ದುಕೊಂಡೆ. ನಾವೆಲ್ಲ ಕುಂತೇ ಕೊಡ್ತೀವಿ."

ಕಾಲು ಜೋಮು ಹಿಡಿದಿತ್ತು, ಅದಕ್ಕೇ ಎದ್ದೆ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಎದುರಿನವರ ಚೀಟಿ ಯಾವುದೆಂದು ಊಹಿಸುವಾಗ ಹೇಗೆ ನೋಡುತ್ತಾಳೋ ಹಾಗೆಯೇ.

"ಸಂದೇಗ," ಎಂದಳು.

ಆಗ ನನಗೆ ಆ ಮಧ್ಯಾಹ್ನ ಇದ್ದದ್ದು ಇದ್ದ ಹಾಗೆ ನೆನಪಾಯಿತು, ನೆನಪಾಯಿತು ಎನ್ನುವುದೂ ಸುಳ್ಳು, ಮರೆತಿದ್ದರೆ ತಾನೇ. ತಟ್ಟೆಯಲ್ಲಿ ಹರಿದ ಎಲೆಗಳೂ ಇದ್ದವು, ನಾನು ಹರಿಯದ ಐದನ್ನು ಆರಿಸಿದ್ದೆ. ತೊಟ್ಟುಗಳನ್ನು ಒಂದೇ ಕಡೆಗೆ ಸರಿಮಾಡಿದ್ದೆ. ಎದ್ದು ನಿಂತು, ಸೆರಗು ಹೊದ್ದು, ಬಲಗೈಗೆ ಎಡಗೈ ಸೇರಿಸಿ ಕೊಟ್ಟಿದ್ದೆ. ನನ್ನ ಅಮ್ಮ ನನ್ನ ಮದುವೆಯ ಮಾತಿನ ದಿನ ಹಾಗೆಯೇ ಕೊಟ್ಟಿದ್ದಳು, ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಅಣ್ಣ ಒಂದು ಗಳಿಗೆ ನನ್ನನ್ನೇ ನೋಡಿ, ಆಮೇಲೆ ಎದ್ದು ನಿಂತು ತೆಗೆದುಕೊಂಡಿದ್ದ. ಇಬ್ಬರೂ ಆಟದ ಮರೆಯಲ್ಲಿದ್ದೆವು. ನಾಳೆ ಯಾರಾದರೂ ಕೇಳಿದರೆ ಆಟ ಎನ್ನಬಹುದಿತ್ತು, ಕೇಳದಿದ್ದರೆ ಅದು ನಿಜವಾಗಿ ನಿಲ್ಲುತ್ತಿತ್ತು.

ಯಾಕೆ ಮಾಡಿದೆ ಎಂದು ಅವಳು ಕೇಳಿದಾಗ ನಿಜ ಹೇಳಿದೆ. ಅತ್ತೆಯ ಕಾಲ ಮುಗಿದರೆ ಆ ಮನೆಯಲ್ಲಿ ನನಗೆ ಯಾವ ಹಿಡಿತವೂ ಇರುವುದಿಲ್ಲ. ಅಣ್ಣ ಒಳ್ಳೆಯವನೇ, ಆದರೆ ಹಬ್ಬಕ್ಕೆ ಕರೆದಾಗ ಮಾತ್ರ ಹೋಗುವ ತವರು ನನಗೆ ಬೇಡ. ಅಲ್ಲಿ ಮಗಳಿದ್ದರೆ ಬಾಗಿಲು ತಟ್ಟದೆ ಒಳಗೆ ಹೋಗಬಹುದು. ನನಗೆ ತವರು ಬೇಕಿತ್ತು, ಅದಕ್ಕೆ ನಿನ್ನನ್ನು ಕೊಟ್ಟೆ ಎಂದೆ. ಹೇಳುವಾಗ ನನ್ನ ಕಿವಿಗೇ ಅದು ಎಷ್ಟು ಕೆಟ್ಟದಾಗಿ ಕೇಳಿಸಿತು ಎಂದರೆ ಅಳುವುದಕ್ಕೂ ನಾಚಿಕೆಯಾಯಿತು. ಇಷ್ಟು ದಿನ ಊರವರನ್ನೆಲ್ಲ ಕಟಕಟೆಗೆ ಹತ್ತಿಸಿದ್ದೆ, ಅವರು ಯಾರೂ ಮಾಡದ್ದನ್ನು ನಾನು ಮಾಡಿದ್ದೆ.

"ನಾಳೆ ಮಾಮನ ಮನೇಲಿ ಇದನ್ನೇ ಹೇಳು. ಅವತ್ತು ಇದ್ದೋರ ಮುಂದೆ ಹೇಳು," ಎಂದಳು ಮಗಳು. ಬೇರೆ ಏನೂ ಕೇಳಲಿಲ್ಲ.

ಭಾನುವಾರ ಹೋದೆವು. ಅತ್ತಿಗೆ ಪಾಯಸ ಮಾಡಿಟ್ಟಿದ್ದರು, ನನ್ನ ಮಗಳ ತಲೆ ಸವರಿ ಒಳಗೆ ಕರೆದರು. ಆ ಕೈ ನೋಡುತ್ತ ನಾನು ಹೊಸ್ತಿಲಲ್ಲೇ ನಿಂತೆ, ಇವರ ಮೇಲೆ ಅಲ್ಲವೇ ನಾನು ಬಿಲ್ಲೆಯ ಕಳ್ಳತನ ಹೊರಿಸಿದ್ದು. ಅಳಿಯ ಡಬ್ಬಿ ತರಲು ಎದ್ದ. ಬೇಡ ಎಂದೆ. ಅತ್ತೆಯ ಎದುರು ನಿಂತು ಹೇಳಿದೆ: ಆವತ್ತು ನಾನು ಕೊಟ್ಟದ್ದು ಆಟದ ಎಲೆಯಲ್ಲ. ನಿಜದ ಎಲೆಯನ್ನು ಆಟದೊಳಗೆ ಬಚ್ಚಿಟ್ಟು ಕೊಟ್ಟೆ. ಮಗಳಿಗೆ ಗೊತ್ತಿರಲಿಲ್ಲ. ಕೇಳದೆ ಯಾರಿಗೂ ಮಾತು ಕೊಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ, ಅದನ್ನು ಮುರಿದೆ. ಆ ಎಲೆ ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಅತ್ತೆ ಬಾಯಲ್ಲಿದ್ದದ್ದನ್ನು ಉಗಿದು ಬಂದು ಕುಳಿತರು.

"ಆಟಾನೋ ನೆಜಾನೋ, ಎಲೆಗೆ ಗೊತ್ತಾ? ಕೊಟ್ಟದ್ದು ಕೊಟ್ಟದ್ದೇ," ಎಂದರು.

ಎಲೆಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು ಎಂದೆ. ನನ್ನದಲ್ಲದ್ದನ್ನು ಕೊಟ್ಟೆ, ಅದು ಕೊಟ್ಟ ಹಾಗೆ ಆಗುವುದಿಲ್ಲ. ಅತ್ತಿಗೆ ಸಿಟ್ಟಿನಿಂದ ಎದ್ದರು. ಊರಿಗೆಲ್ಲ ಹೇಳಿ ಆಗಿದೆ, ಈಗ ತಮ್ಮ ಮಗನ ಮುಖಕ್ಕೆ ಮಸಿ ಬಳಿಯುತ್ತೀಯಾ, ಎಲೆ ಕೊಟ್ಟವಳೂ ನೀನೇ ಕಿತ್ತುಕೊಳ್ಳುವವಳೂ ನೀನೇ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಗ ಅಳಿಯ ನೆಲ ನೋಡುತ್ತಲೇ ತಮಿಳಿನಲ್ಲಿ ಹೇಳಿದ, ತನ್ನನ್ನೂ ಯಾರೂ ಕೇಳಿರಲಿಲ್ಲ, ಕೇಳಿದ್ದರೆ ತಾನೂ ಬೇಡ ಎನ್ನುತ್ತಿದ್ದೆ ಎಂದು. ಅತ್ತಿಗೆ ಮಗನ ಕಡೆ ತಿರುಗಿ ನೋಡಿ, ಒಳಗೆ ಹೋಗಿಬಿಟ್ಟರು.

ಅತ್ತಿಗೆ ಆವತ್ತು ಕಿವಿಯಲ್ಲಿ ಹೇಳಿದ್ದು ಏನು ಎಂದು ಅಣ್ಣನನ್ನು ನಾನೇ ಕೇಳಿದೆ, ಅಷ್ಟಾದರೂ ತಿಳಿಯಬೇಕೆನಿಸಿತು. ನಿಮ್ಮ ತಂಗಿಯ ಹತ್ತಿರ ಕೊಲೆಗಾರನ ಚೀಟಿ ಇದೆ, ಹುಷಾರು ಎಂದಿದ್ದರಂತೆ. ಅಷ್ಟೇ. ಅಣ್ಣ ಎದ್ದು ಬಂದು ನನ್ನ ಎದುರು ನಿಂತ.

"ನೀ ಐದೆಲೆ ತೆಗೆದಾಗ್ಲೇ ನಂಗೆ ಗೊತ್ತಾಯ್ತು ತಂಗೀ. ಗೊತ್ತಾಗೇ ಈಸ್ಕೊಂಡೆ. ನೀನು ಕೇಳ್ಕೊಂಡು ಬಂದಿದ್ರೆ ನಾ ಮಗೂನ ಕೇಳೂ ಅಂತಿದ್ದೆ. ಕೇಳದೆ ಕೊಟ್ಟೆ, ನನಗೂ ಆಸೆ ಬಂತು."

ಎಲೆ ವಾಪಸು ಕೊಡುವುದಕ್ಕೆ ನಮ್ಮಲ್ಲಿ ಪದ್ಧತಿಯೇ ಇಲ್ಲ, ಏನು ಮಾಡಬೇಕೆಂದು ಅತ್ತೆಗೂ ತಿಳಿಯದು. ಅಣ್ಣ ನನ್ನ ಮಗಳ ಹತ್ತಿರ ಹೋಗಿ, ಅವಳೆದುರು ಕೈ ಮುಗಿಯಲು ಹೋದ. ಅವಳು ಅವನ ಕೈ ಹಿಡಿದು ಕೆಳಗಿಳಿಸಿದಳು. ಅಲ್ಲಿಗೆ ಮುಗಿಯಿತು. ಪಾಯಸ ಯಾರೂ ಮುಟ್ಟಲಿಲ್ಲ. ಹೊರಡುವಾಗ ಅತ್ತಿಗೆ ಹೊರಗೆ ಬರಲಿಲ್ಲ, ಬಾಗಿಲವರೆಗೆ ಬಂದ ಅಣ್ಣ ಮತ್ತೆ ಯಾವಾಗ ಬರುತ್ತೀಯ ಎಂದು ಕೇಳಲಿಲ್ಲ. ಯಾವುದು ಕೈತಪ್ಪೀತೆಂದು ಹೆದರಿ ಇಷ್ಟೆಲ್ಲ ಮಾಡಿದ್ದೆನೋ ಅದನ್ನು ನಾನೇ ಕೈಯಾರೆ ಕಳೆದುಕೊಂಡು ಮೆಟ್ಟಿಲಿಳಿದೆ.

ಮಗಳು ಸ್ಕೂಟರ್ ಓಡಿಸುತ್ತಿದ್ದಳು, ನಾನು ಹಿಂದೆ ಕೂತಿದ್ದೆ. ಚಿನ್ನಮನೂರು ದಾಟಿತು. ದ್ರಾಕ್ಷಿ ಚಪ್ಪರಗಳು ಶುರುವಾದ ಮೇಲೆ ನಾನೇ ಅವಳ ಭುಜದ ಹತ್ತಿರ ಬಾಗಿ ಕೇಳಿದೆ, ಈಗಲಾದರೂ ನನ್ನನ್ನು ನಂಬುತ್ತೀಯಾ ಎಂದು. ಗಾಳಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಅವಳಿಗೆ ಕೇಳಿಸಿತ್ತು.

"ಇವತ್ತಿಗೆ ನಂಬ್ತೀನಮ್ಮಾ," ಎಂದಳು.

ನಾಳೆಯ ಮಾತನ್ನು ಅವಳು ಎತ್ತಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.